ಉಳಿಸಿಟ್ಟ ಎರಡು ಭಾಗಾಕಾರ

ಮಕ್ಕಳು ಬೆನ್ನ ಹಿಂದೆ ಅವರನ್ನು 'ಲಕ್ಷದ ಮೇಡಂ' ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಗಣಿತ ಕಲಿಸಿದವರು. ಪ್ರತಿ ವರ್ಷ ಮೊದಲ ದಿನ ಹಲಗೆಯ ಮೇಲೆ 9,99,919 ಎಂದು ಬರೆಯುತ್ತಿದ್ದರು. ಅದು ಅವರ ಮೊಟ್ಟಮೊದಲ ಬಸ್ ಪಾಸಿನ ಸಂಖ್ಯೆ.

"ಇದು ಅವಿಭಾಜ್ಯ. ಒಂದು ಮತ್ತು ಇದೇ ಸಂಖ್ಯೆ ಬಿಟ್ರೆ ಇನ್ಯಾವುದಕ್ಕೂ ಬಗ್ಗಲ್ಲ. ಸಾವಿರದೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದ್ರೆ ಸಾಕು. ಎಲ್ಲದರಿಂದಲೂ ನಾನೇ ನೋಡಿದೀನಿ."

ನೋಡಿದ್ದು ನಿಜ, ಎಲ್ಲವನ್ನೂ ಅಲ್ಲ. ಅಂಥವು ನೂರ ಅರವತ್ತೆಂಟು. ಕೆಲಸಕ್ಕೆ ಸೇರಿದ ವರ್ಷ ನಾಲ್ಕು ಭಾನುವಾರ ಕೂತು 983ರವರೆಗೆ ಭಾಗಿಸಿದ್ದರು. 991, 997 ಉಳಿದಿದ್ದವು. ಅಷ್ಟಕ್ಕೇ ಪೆನ್ಸಿಲ್ ಕೆಳಗಿಟ್ಟಿದ್ದರು.

ಈ ವರ್ಷ ಮೂರನೇ ಬೆಂಚಿನಿಂದ ಟೈಲರ್ ಮಗಳು ಎದ್ದು ನಿಂತಳು.

"ಮೇಡಂ, ಇದು ಹತ್ತು ಲಕ್ಷಕ್ಕೆ ಎಂಬತ್ತೊಂದು ಕಮ್ಮಿ. ಸಾವಿರದ ವರ್ಗದಲ್ಲಿ ಒಂಬತ್ತರ ವರ್ಗ ಕಳೆದ ಹಾಗೆ. ಅಂದ್ರೆ 991 ಇಂಟು 1009."

"ಇಪ್ಪತ್ತಾರು ವರ್ಷದಿಂದ ಒಡೆಯದ್ದು ನಿನಗೆ ಒಡೀತಾ? ಕೂತ್ಕೊ ತಾಯಿ."

ಕ್ಲಾಸು ಗೊಳ್ಳೆಂದಿತು. "ಪ್ರೊಫೆಸರಮ್ಮ, ಕೂತ್ಕೊಳ್ಳಿ" ಎಂದು ಹಿಂದಿನವಳು ಅವಳ ಜಡೆ ಎಳೆದಳು.

ಸ್ಟಾಫ್ ರೂಮಿನಲ್ಲಿ ಮೇಡಂ ಗುಣಿಸಿ ನೋಡಿದರು. ಹುಡುಗಿ ಹೇಳಿದ್ದು ಸರಿಯಾಗಿತ್ತು. ನಾಳೆ ಒಪ್ಪಿಕೊಳ್ಳೋಣ ಎಂದುಕೊಂಡರು. ನಾಳೆ ನಾಳೆ ಎನ್ನುತ್ತಲೇ ಹನ್ನೊಂದು ದಿನ ಕಳೆಯಿತು. ಅಷ್ಟು ದಿನವೂ ಹುಡುಗಿ ತುಟಿ ಬಿಚ್ಚಲಿಲ್ಲ. ಕೇಳಿದ ಪ್ರಶ್ನೆಗೆಲ್ಲ ತಲೆ ತಗ್ಗಿಸಿ ನಿಲ್ಲುತ್ತಿದ್ದಳು.

"ಹೇಳಿಬಿಟ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದಳು ಮನೆಯಲ್ಲಿ ಮೇಡಂ ಅವರ ಅಕ್ಕ.

"ಮರ್ಯಾದೆ ಅಕ್ಕ."

"ಅದು ಹೋಗಿ ಹನ್ನೊಂದು ದಿನ ಆಯ್ತಲ್ಲೇ."

ಮರುದಿನ ಮೇಡಂ ಇಡೀ ಗುಣಾಕಾರವನ್ನು ಹಲಗೆಯ ಮೇಲೆ ಬರೆದರು. "ಇವಳು ಹೇಳಿದ್ದೇ ಸರಿ. ನಾನು ಎರಡು ಬಾಕಿ ಇದ್ದಾಗಲೇ ನಿಲ್ಲಿಸಿದ್ದೆ. ಎಲ್ಲಾ ನೋಡಿದೀನಿ ಅಂತ ನಿಮಗೆ ಸುಳ್ಳು ಹೇಳಿದೆ" ಎಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು.

ಬೆಲ್ ಹೊಡೆದ ಮೇಲೆ ಹುಡುಗಿ ಮೇಜಿನ ಬಳಿ ಬಂದಳು.

"ನೀವು ಎಲ್ಲಾ ನೋಡಿದೀನಿ ಅಂದ್ರಲ್ಲ ಮೇಡಂ, ನಂದೇ ತಪ್ಪಿರಬೇಕು ಅಂತ ನಾನು ಲೆಕ್ಕ ಮಾಡಿದ್ದ ಹಾಳೆ ಹರಿದುಹಾಕ್ದೆ." ಹಲಗೆಯ ಕಡೆ ನೋಡಿ, "ಎರಡೇ ಉಳಿದಿತ್ತಲ್ಲ, ಯಾಕೆ ನಿಲ್ಲಿಸಿದ್ರಿ?" ಎಂದಳು.

ಸುಸ್ತಾಗಿತ್ತು ಎನ್ನಬಹುದಿತ್ತು. ಅವಳು ಅದನ್ನೂ ನಂಬುತ್ತಿದ್ದಳು.

"ಅದು ಒಡೀಬಾರದು ಅಂತ ಆಸೆ ಇತ್ತು ಕಣಮ್ಮ" ಎಂದರು ಮೇಡಂ. "ಇನ್ನೊಂದು ಭಾಗಿಸಿದ್ರೆ ಎಲ್ಲಿ ಒಡೆದುಬಿಡುತ್ತೋ ಅಂತ ಭಯ ಆಯ್ತು."