ಕಡ್ಲೆಬೀಜದ ಪೊಟ್ಟಣದಲ್ಲಿ ಅಪ್ಪ

ಇವತ್ತು ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿ "ಫೋನ್ ನಂಬರ್ ಹೇಳಿ ಮೇಡಂ" ಅಂದಾಗ ನನ್ನ ಮೂಗಿಗೆ ಖಾರದ ಕಡ್ಲೆಬೀಜದ ವಾಸನೆ ಬಂತು.

ನಾವು ಚಿಕ್ಕವರಿದ್ದಾಗ ವಿಜಯನಗರದ ಬಸ್ ಸ್ಟ್ಯಾಂಡ್ ಹತ್ತಿರ ಗಾಡಿಯವರೊಬ್ಬರು ಅದನ್ನು ಹಳೇ ಕಾಗದದ ಪೊಟ್ಟಣದಲ್ಲಿ ಕೊಡುತ್ತಿದ್ದರು. ಒಂದು ದಿನ ತಿಂದು ಮುಗಿಸಿ, ತಳದ ಖಾರ ನೆಕ್ಕಲು ಪೊಟ್ಟಣ ಬಿಚ್ಚಿದೆ. ಒಳಗೆ ಅಪ್ಪ ಇದ್ದರು. ಹೊಸ ಸಿಮ್ಮಿಗೆಂದು ಅವರು ಮೊಬೈಲ್ ಅಂಗಡಿಗೆ ಕೊಟ್ಟಿದ್ದ ಲೈಸೆನ್ಸಿನ ಜೆರಾಕ್ಸ್ ಅದು. ಮೀಸೆಗೆಲ್ಲ ಎಣ್ಣೆ ಮೆತ್ತಿತ್ತು.

ಮನೆಗೆ ತಂದು ತೋರಿಸಿದಾಗ ಅಪ್ಪ ನಕ್ಕರು. "ಬಿಡೇ, ನನ್ನ ಮುಖ ಇಟ್ಕೊಂಡು ಯಾರೇನ್ ಮಾಡ್ತಾರೆ?"

"ಮುಖ ಬಿಡಿ, ಅಡ್ರೆಸ್ಸು, ಸೈನು ಎಲ್ಲಾ ಇದೆಯಲ್ರೀ," ಅಂದಳು ಅಮ್ಮ. ಮನೆಯ ಹಳೇ ನ್ಯೂಸ್‌ಪೇಪರ್ ಕಟ್ಟನ್ನು ಗಾಡಿಯವರಿಗೆ ಕೊಟ್ಟು, ಅವರ ಬಳಿಯಿದ್ದ ಜೆರಾಕ್ಸ್ ಹಾಳೆಗಳನ್ನೆಲ್ಲ ಬದಲಿಗೆ ತಂದು ಹಂಡೆಯ ಒಲೆಗೆ ಹಾಕಿದಳು. ಗುರುತಿಲ್ಲದ ಎಷ್ಟೋ ಜನರ ಮುಖಗಳು ಉರಿದು ಕಾದ ನೀರಲ್ಲಿ ಅವತ್ತು ನಾವೆಲ್ಲ ಸ್ನಾನ ಮಾಡಿದೆವು. ಆಮೇಲೆ ನಮ್ಮ ಮನೆಯಿಂದ ಹೊರಟ ಪ್ರತಿ ಜೆರಾಕ್ಸಿನ ಮೇಲೂ ಅದು ಯಾವ ಕೆಲಸಕ್ಕೆ ಎಂದು ಅಮ್ಮ ಅಡ್ಡಡ್ಡಲಾಗಿ ಬರೆಯುತ್ತಿದ್ದಳು.

"ನಂಬರ್ ಕೊಡಲ್ಲಮ್ಮ," ಅಂದೆ ಬಿಲ್ ಹಾಕುವ ಹುಡುಗಿಗೆ.

"ನಂಬರ್ ಇಲ್ದೆ ಬಿಲ್ ಬರಲ್ಲ ಮೇಡಂ."

"ಹಾಗಾದ್ರೆ ಸಾಮಾನು ಇಲ್ಲೇ ಇರ್ಲಿ."

ಬಿಲ್ ಬಂತು.