ಗಿರಿಯಣ್ಣನ ಕೈಯ ಮಸಿ

ಬೆಂಕಿ ಹಚ್ಚಿದವನು ನಾನು, ಗಿರಿಯಣ್ಣ. ನೆಮ್ಮಾರಿನ ಆ ಗುಡ್ಡ ಸುಟ್ಟಿದ್ದು ಜೇನು ಕೀಳಲು ನೀವು ಉರಿಸಿ ಹಿಡಿದ ಸೂಡಿಯ ಕಿಡಿಯಿಂದಲ್ಲ — ನನ್ನ ಬೆಂಕಿಪೊಟ್ಟಣದಿಂದ. ಇಷ್ಟು ವರ್ಷ ಈ ಮಾತು ನುಂಗಿಕೊಂಡು ಅದೇ ಬಾಯಲ್ಲಿ ಅನ್ನ ಉಂಡೆನಲ್ಲ!

ಎರಡು ಸಾವಿರದ ಇಸವಿ ದಾಟಿ ಒಂದೆರಡು ಬೇಸಿಗೆ ಕಳೆದಿತ್ತು. ಅರಣ್ಯ ಇಲಾಖೆಯ ಕೆಲಸಕ್ಕೆ ಬೇಸಿಗೆಯ ಮಟ್ಟಿಗೆ ಸೇರಿದ್ದ ಫೀಲ್ಡ್ ಟೆಕ್ನಿಷಿಯನ್ ನಾನು. ರಸ್ತೆಯಂಚಿನ ತರಗೆಲೆಯನ್ನು ನಾವೇ ಮೊದಲು ಸುಟ್ಟು ಬೋಳು ಪಟ್ಟಿ ಮಾಡಬೇಕು; ಆಮೇಲೆ ಯಾರ ಬೀಡಿಯ ಕಿಡಿ ಬಿದ್ದರೂ ಬೆಂಕಿ ಕಾಡಿಗೆ ದಾಟುವುದಿಲ್ಲ. ಇದು ಇಬ್ಬನಿ ಆರುವ ಮೊದಲೇ ಮುಗಿಯಬೇಕಾದ ಕೆಲಸ. ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವತ್ತು ಎದ್ದಾಗಲೇ ತಡವಾಗಿತ್ತು, ಮೇಲಾಗಿ ಶೃಂಗೇರಿಯ ಹೋಟೆಲಿನ ಟಿವಿಯಲ್ಲಿ ಕ್ರಿಕೆಟ್ ಮ್ಯಾಚು ನೋಡುವ ಆತುರ. ಕೂಲಿಯವರನ್ನು ಊಟಕ್ಕೆ ಕಳಿಸಿ, ಉರಿಬಿಸಿಲಲ್ಲಿ ಒಬ್ಬನೇ ಕಡ್ಡಿ ಗೀರಿದೆ. ಗಾಳಿ ಎದ್ದಿತು, ಬೆಂಕಿ ಗುಡ್ಡ ಹತ್ತಿತು. ಒಂದು ಮ್ಯಾಚಿಗೋಸ್ಕರ — ಥೂ!

ಹೊಗೆ ಕಂಡು ಮೊದಲು ಓಡಿಬಂದವರು ನೀವು. ಯಾರೂ ಕರೆದಿರಲಿಲ್ಲ. ಹಸಿ ಸೊಪ್ಪು ಮುರಿದುಕೊಂಡು ಉರಿಯನ್ನು ಬಡಿದಿರಿ, ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಎಲ್ಲ ಆರಿದ ಮೇಲೆ ಜೀಪಿನಲ್ಲಿ ಬಂದ ಇಲಾಖೆಯ ಸಾಹೇಬರಿಗೆ ಕಂಡದ್ದು ನಿಮ್ಮ ಕೈಯ ಮಸಿ. ದೂರ ನಿಂತಿದ್ದ ನನ್ನ ಕೈ ಸ್ವಚ್ಛವಾಗಿತ್ತು.

“ಏನೋ ಇದು ಕೈ? ನೀನೇ ಏನೋ ಹಚ್ಚಿದ್ದು?”

ನೀವು ನನ್ನ ಕಡೆ ತಿರುಗಿದಿರಿ. “ಹೇಳು ಮಾರಾಯ, ನಾ ಬೆಂಕಿ ಆರ್ಸಕ್ಕೆ ಬಂದಿದ್ದು ಅಂತ.”

ನಾನು ಹೇಳಿದ್ದು — “ಇವ್ನು ನಿನ್ನೆ ಸೂಡಿ ಹಿಡ್ಕಂಡು ಇದೇ ಗುಡ್ಡಕ್ಕೆ ಜೇನಿಗೆ ಹೋಗಿದ್ದ ಸಾರ್.”

ಸುಳ್ಳಲ್ಲ. ನೀವು ಹೋಗಿದ್ದು ನಿಜ; ಆ ಜೇನಿನ ಒಂದು ಚೂರನ್ನು ಬೆಳಿಗ್ಗೆ ನನ್ನ ರೂಮಿಗೇ ತಂದುಕೊಟ್ಟಿದ್ದಿರಿ. ಅದನ್ನು ತಿಂದು, ಅಣ್ಣ ಎನ್ನುತ್ತಿದ್ದವರನ್ನು “ಇವ್ನು” ಅಂದೆ. ಸುಳ್ಳು ಹೇಳುವಷ್ಟು ಧೈರ್ಯವೂ ಇಲ್ಲದ ಹೇಡಿ ನಾನು.

ನಿಮ್ಮನ್ನು ಜೀಪಿಗೆ ಹತ್ತಿಸಿದರು. ಮತ್ತೆಂದೂ ಜೇನಿಗೆ ಹೋಗಲು ಬಿಡಲಿಲ್ಲವಂತೆ. ಎಲ್ಲಿ ಹೊಗೆ ಎದ್ದರೂ ಜೀಪು ಮೊದಲು ಬರುವುದು ನಿಮ್ಮ ಅಂಗಳಕ್ಕೇ ಅಂತೆ. ವಿಚಾರಿಸದ ಆ ಸಾಹೇಬರ ಮೇಲೆ ನನಗೆ ಸಿಟ್ಟು, ನಂಬಿದ ಊರಿನ ಮೇಲೆ ಸಿಟ್ಟು. ಜೀಪು ಹತ್ತುವಾಗ ನನಗೆ ಒಂದು ಮಾತೂ ಬೈಯದ ನಿಮ್ಮ ಮೇಲೂ — ಬೈದಿದ್ದರೆ ನಾನು... ಇಲ್ಲ. ಇದೂ ಜಾರಿಕೊಳ್ಳುವ ದಾರಿಯೇ.

ಹೋದ ವಾರ ನೆಮ್ಮಾರಿಗೆ ಬಂದಿದ್ದೆ. ಟೀ ಅಂಗಡಿಯಲ್ಲಿ ನಿಮ್ಮ ಮನೆಯ ದಾರಿ ಕೇಳಿದರೆ, “ಯಾರು, ಬೆಂಕಿ ಗಿರಿಯನ ಮನೆಯಾ?” ಅಂದರು. ನಾನು “ಹೌದು” ಅಂದೆ! ಹೌದು ಅಂದು, ಟೀ ಕುಡಿದು, ಸಿಕ್ಕಿದ ಬಸ್ಸು ಹತ್ತಿ ವಾಪಸು ಬಂದೆ.

ನಾಳೆ ಮತ್ತೆ ಹೊರಟಿದ್ದೇನೆ. ಮೊದಲು ನಿಮ್ಮ ಮನೆಗಲ್ಲ, ಆ ಅಂಗಡಿಗೆ. ಬೆಂಚು ತುಂಬಾ ಜನ ಇರುವ ಹೊತ್ತಿಗೇ ಹೋಗಿ, ಹಚ್ಚಿದವನು ನಾನು ಎನ್ನುತ್ತೇನೆ. ಆಮೇಲೆ ನಿಮ್ಮ ಅಂಗಳಕ್ಕೆ ಬರುತ್ತೇನೆ. ಒಳಗೆ ಕರೆಯಬೇಡಿ, ಗಿರಿಯಣ್ಣ.