ಡಾಕ್ಟರು ಉಂಡ ಮುದ್ದೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಿತ್ರದುರ್ಗದಲ್ಲಿ ನರ್ಸಾಗಿದ್ದೆ. ನಮ್ಮ ವಾರ್ಡಿನ ಡಾಕ್ಟರು ಮಾತೆತ್ತಿದರೆ “ನಿಧಾನಕ್ಕಮ್ಮ, ನಿಧಾನಕ್ಕೆ” ಎನ್ನುತ್ತಿದ್ದರು. ಗಂಟಲ ಹುಣ್ಣಿನಿಂದ ವಾರಗಟ್ಟಲೆ ಊಟ ಬಿಟ್ಟಿದ್ದ ಬಾಗೂರಿನ ಕುರಿಗಾರನಿಗೆ ಅವರೇ ಚಮಚದಲ್ಲಿ ಹಾಲು ಕುಡಿಸುತ್ತಿದ್ದರು.

ಒಂದು ದಿನ ಅವನ ಹೆಂಡತಿ ಮುದ್ದೆ ತಂದಳು. “ಇವತ್ತಾದ್ರೂ ಹೊಟ್ಟೆ ತುಂಬ ಉಣ್ಲಿ ಸಾಮಿ.”

“ಸೊರಗಿದ ಮೈಗೆ ಒಮ್ಮೆಲೇ ಊಟ ಬಿದ್ರೆ ರಕ್ತದಾಗಿನ ಫಾಸ್ಫೇಟ್ ಅನ್ನೋ ಸತ್ವ ಕುಸಿದು ಉಸಿರೇ ನಿಲ್ತೈತಮ್ಮ.”

ಅವಳ ಮುಖ ಬಾಡಿತು. ಡಾಕ್ಟರು ನೆಲದ ಮೇಲೆ ಕೂತು ಆ ಮುದ್ದೆಯನ್ನು ತಾವೇ ಉಂಡರು.

ಅಷ್ಟು ಜೋಪಾನ ಮಾಡಿದರೂ ಅವನು ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಅವಳು ಮತ್ತೆ ಮುದ್ದೆ ಕಟ್ಟಿಕೊಂಡು ಬಂದಳು. ಡಾಕ್ಟರು ನೆಲಕ್ಕೆ ಕೂತರು. ಮೊದಲ ತುತ್ತೇ ಗಂಟಲಲ್ಲಿ ಸಿಕ್ಕಿಕೊಂಡಿತು. ಅವಳು ನೀರಿನ ಚೊಂಬನ್ನು ಅವರ ಮುಂದೆ ಸರಿಸಿದಳು.

“ನಿಧಾನಕ್ಕೆ ಸಾಮಿ, ನಿಧಾನಕ್ಕೆ ಉಣ್ರಿ.”